ಬ್ರೆಸ್ಟ್‌ಸ್ಟ್ರೋಕ್: ಎಷ್ಟು ಒದ್ದರೂ ಮುಂದೆ ಹೋಗದಿದ್ದರೆ ಎಲ್ಲಿ ಹುಡುಕಬೇಕು

ಬೆಳಗಿನ ಆರೂವರೆ ಬ್ಯಾಚಿನಲ್ಲಿ ದೊಡ್ಡವರಿಗೆ ಈಜು ಹೇಳಿಕೊಡುತ್ತೇನೆ. ಹೊಸದಾಗಿ ಬ್ರೆಸ್ಟ್‌ಸ್ಟ್ರೋಕ್, ಅಂದರೆ ಕಪ್ಪೆ ಈಜು, ಕಲಿಯುವವರ ದೂರು ಹೆಚ್ಚುಕಮ್ಮಿ ಒಂದೇ. "ಸರ್, ಕೈಕಾಲು ಎಲ್ಲ ಆಡಿಸ್ತೀನಿ, ಆದ್ರೆ ಇದ್ದಲ್ಲೇ ಇರ್ತೀನಿ." ಅದಕ್ಕೆ ಅವರು ತಾವೇ ಹುಡುಕಿಕೊಂಡ ಉಪಾಯವೂ ಒಂದೇ. ಇನ್ನೂ ಜೋರಾಗಿ ಒದೆಯುವುದು. ಹತ್ತು ಮೀಟರ್ ಹೋಗುವಷ್ಟರಲ್ಲಿ ಏದುಸಿರು ಬಂದು ನಿಲ್ಲುತ್ತಾರೆ.

ಸೈಕಲ್ಲಿನ ಬ್ರೇಕ್ ರಬ್ಬರ್ ಚಕ್ರಕ್ಕೆ ಉಜ್ಜುತ್ತಿದ್ದರೆ ಏನು ಮಾಡುತ್ತೇವೆ? ಇಳಿದು ರಬ್ಬರ್ ಸರಿ ಮಾಡುತ್ತೇವೆ, ಅಲ್ವಾ? ಈಜಿನಲ್ಲೂ ಮೊದಲು ಹಾಗೆ ಇಳಿದು ನೋಡಬೇಕು. ಶಕ್ತಿ ಸಾಲದೆ ಹಿಂದೆ ಬಿದ್ದ ಹೊಸಬರನ್ನು ನಾನು ನೋಡಿದ್ದು ಅಪರೂಪ. ಎಲ್ಲೋ ಒಂದು ಕಡೆ ಬ್ರೇಕ್ ಹಿಡಿದಿರುತ್ತದೆ. ಅದು ಕಾಲಲ್ಲಿರಬಹುದು, ಕತ್ತಿನಲ್ಲಿರಬಹುದು, ಉಸಿರಿನಲ್ಲಿರಬಹುದು. ಕಷ್ಟ ಏನೆಂದರೆ, ತಪ್ಪು ಒಂದು ಕಡೆ ಇದ್ದರೆ ಅದು ಕಾಣಿಸುವುದು ಇನ್ನೊಂದು ಕಡೆ. ಅದಕ್ಕೇ ಒಂದು ಕ್ರಮದಲ್ಲಿ ಹುಡುಕಬೇಕು.

ಈ ಈಜಿನಲ್ಲೇ ಯಾಕೆ ಇಷ್ಟು ತೊಂದರೆ? ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಉಳಿದ ಮೂರು ಈಜುಗಳಲ್ಲಿ, ಅಂದರೆ ಫ್ರೀಸ್ಟೈಲ್, ಬೆನ್ನ ಈಜು, ಬಟರ್‌ಫ್ಲೈಗಳಲ್ಲಿ, ಕೈ ಮುಂದಕ್ಕೆ ಬರುವುದು ಗಾಳಿಯಲ್ಲಿ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕೈಯೂ ಕಾಲೂ ನೀರೊಳಗೇ ವಾಪಸ್ ಬರಬೇಕು. ಹಾಗಾಗಿ ಪ್ರತಿ ಸುತ್ತಿನಲ್ಲೂ ಒಮ್ಮೆ ವೇಗ ಹುಟ್ಟುತ್ತದೆ, ಒಮ್ಮೆ ಸಾಯುತ್ತದೆ. ಕಾಲು ಮಡಚುವ ಹೊತ್ತಿಗೆ ವೇಗ ತೀರಾ ಕೆಳಗೆ ಬೀಳುತ್ತದೆ. ಜಗತ್ತಿನ ಅತಿ ದೊಡ್ಡ ಈಜುಗಾರರಿಗೂ ಇದು ತಪ್ಪಿದ್ದಲ್ಲ. ಬ್ರಿಟನ್ನಿನ ಆಡಮ್ ಪೀಟಿ 2019ರಲ್ಲಿ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಅನ್ನು 56.88 ಸೆಕೆಂಡಿನಲ್ಲಿ ಈಜಿ ವಿಶ್ವದಾಖಲೆ ಮಾಡಿದರು. ಚೀನಾದ ಪಾನ್ ಝಾನ್‌ಲೆ 2024ರಲ್ಲಿ ಅದೇ ದೂರವನ್ನು ಫ್ರೀಸ್ಟೈಲ್‌ನಲ್ಲಿ 46.40 ಸೆಕೆಂಡಿನಲ್ಲಿ ಮುಗಿಸಿದರು. ಹತ್ತು ಸೆಕೆಂಡಿಗೂ ಜಾಸ್ತಿ ವ್ಯತ್ಯಾಸ.

ಇನ್ನೊಂದು ವಿಷಯ ನೆನಪಿರಲಿ. ಫ್ರೀಸ್ಟೈಲ್‌ನಲ್ಲಿ ದೇಹವನ್ನು ಮುಂದಕ್ಕೆ ಒಯ್ಯುವುದು ಮುಖ್ಯವಾಗಿ ಕೈ. ಇಲ್ಲಿ ಕಾಲಿನ ಪಾಲು ತುಂಬಾ ದೊಡ್ಡದು. ಹೀಗಾಗಿ ನನ್ನ ಹುಡುಕಾಟದ ಅರ್ಧ ಹೊತ್ತು ಕಾಲಿನಲ್ಲೇ ಕಳೆಯುತ್ತದೆ.

ಮೊದಲು ಮೂರು ಪರೀಕ್ಷೆ

ಎದೆಮಟ್ಟದ ನೀರು ಸಾಕು. ಲೈಫ್‌ಗಾರ್ಡ್ ಇರುವ ಹೊತ್ತಿನಲ್ಲೇ ಮಾಡಿ. ದಡದ ಮೇಲೆ ಗೊತ್ತಿರುವವರೊಬ್ಬರು ಇದ್ದರೆ, ಪೂಲಿನಲ್ಲಿ ಅನುಮತಿ ಇದ್ದರೆ, ಫೋನಿನಲ್ಲಿ ವೀಡಿಯೊ ತೆಗೆಯಲಿ. ಒಮ್ಮೆ ಪಕ್ಕದಿಂದ, ಒಮ್ಮೆ ಹಿಂದಿನಿಂದ. ಹಿಂದಿನಿಂದ ತೆಗೆದದ್ದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಮೊದಲನೆಯದು: ಗೋಡೆಗೆ ಕಾಲು ಕೊಟ್ಟು ನೂಕಿಕೊಳ್ಳಿ. ಮುಖ ನೀರೊಳಗೆ, ಎರಡೂ ಕೈ ಕಿವಿಗೆ ತಾಗಿ ಮುಂದಕ್ಕೆ ಚಾಚಿರಲಿ. ಏನೂ ಆಡಿಸದೆ ಸುಮ್ನೆ ಜಾರಿ. ಸುಮಾರು ಐದು ಮೀಟರ್ ಹೋಗಿ ನಿಂತರೆ ಮೈ ನೆಟ್ಟಗಿದೆ ಎಂದು ಅರ್ಥ. ಕೊನೆಗೆ ಕಾಲು ನಿಧಾನವಾಗಿ ಮುಳುಗುವುದು ತಪ್ಪಲ್ಲ. ಗಾಳಿ ತುಂಬಿದ ಎದೆ ತೇಲುತ್ತದೆ, ತೂಕದ ಕಾಲು ಇಳಿಯುತ್ತದೆ. ಎರಡು ಮೀಟರಿಗೇ ಕಾಲು ಬಿದ್ದರೆ ಮಾತ್ರ ತಲೆ ಎಲ್ಲಿದೆ ಎಂದು ನೋಡಬೇಕು.

ಎರಡನೆಯದು: ಕೈ ಮುಂದಕ್ಕೆ ಚಾಚಿಕೊಂಡು ಬರೀ ಕಾಲಿನಿಂದ ಹೋಗಿ. ಉಸಿರಿಗೆ ಬೇಕಾದಾಗ ತಲೆ ಎತ್ತಿ. ಪೂಲಿನ ಒಂದು ಉದ್ದಕ್ಕೆ ಎಷ್ಟು ಒದೆತ ಬೇಕಾಯಿತು, ಎಣಿಸಿ.

ಮೂರನೆಯದು: ಅದೇ ದೂರವನ್ನು ಪೂರ್ತಿ ಸ್ಟ್ರೋಕ್‌ನಲ್ಲಿ, ಅಂದರೆ ಕೈಕಾಲು ಎರಡೂ ಸೇರಿಸಿ, ಈಜಿ, ಮತ್ತೆ ಎಣಿಸಿ.

ಈಗ ಎರಡು ಲೆಕ್ಕ ಪಕ್ಕಪಕ್ಕ ಇಡಿ. ಬರೀ ಕಾಲಿನಲ್ಲಿ ಮುಂದೆಯೇ ಹೋಗದಿದ್ದರೆ ದೋಷ ಕಾಲಿನಲ್ಲಿದೆ, ಕೈ ಬಗ್ಗೆ ಸದ್ಯ ಯೋಚಿಸಬೇಡಿ. ಕಾಲಿನಲ್ಲಿ ಚೆನ್ನಾಗಿ ಹೋಗಿ, ಕೈ ಸೇರಿಸಿದ ಮೇಲೂ ಲೆಕ್ಕ ಇಳಿಯದಿದ್ದರೆ, ಕೈ ಅಥವಾ ಕೈಕಾಲಿನ ಹೊಂದಾಣಿಕೆ ಕೆಟ್ಟಿದೆ. ನನ್ನ ಬ್ಯಾಚಿನಲ್ಲಿ ಹೊಸಬರು 25 ಮೀಟರಿಗೆ ಮೂವತ್ತರ ಆಸುಪಾಸು ಸ್ಟ್ರೋಕ್ ತೆಗೆದುಕೊಳ್ಳುತ್ತಾರೆ. ಹದ ಸಿಕ್ಕಿದ ಮೇಲೆ ಅದು ಹದಿನೈದು, ಇಪ್ಪತ್ತಕ್ಕೆ ಬರುತ್ತದೆ.

"ಒದೀತೀನಿ, ಆದ್ರೆ ಹಿಂದಕ್ಕೇ ಹೋಗ್ತೀನಿ"

ಇದು ಕಲ್ಪನೆ ಅಲ್ಲ, ನಿಜವಾಗಿಯೂ ಹಿಂದಕ್ಕೆ ಹೋಗುವವರಿದ್ದಾರೆ. ಬ್ಯಾಂಕಿನಲ್ಲಿ ಕೆಲಸ ಮಾಡುವ, ನಲವತ್ತು ದಾಟಿದ ಒಬ್ಬರು ಕಳೆದ ಬೇಸಿಗೆಯಲ್ಲಿ ಬಂದರು. ಹುಡುಗರಾಗಿದ್ದಾಗ ಊರಿನ ಬಾವಿಯಲ್ಲಿ ಈಜು ಕಲಿತವರು. ಸೊಂಟಕ್ಕೆ ಸೋರೆ ಬುರುಡೆ ಕಟ್ಟಿ, ಹಗ್ಗ ಹಿಡಿದು ಮಾವ ಬಾವಿಗೆ ಇಳಿಸಿದ್ದರಂತೆ. ನೀರಿನ ಭಯ ಎಳ್ಳಷ್ಟೂ ಇಲ್ಲ. ಆದರೆ ಕಿಕ್‌ಬೋರ್ಡ್ (ಕೈಯಲ್ಲಿ ಹಿಡಿಯುವ ತೇಲು ಹಲಗೆ) ಕೊಟ್ಟು ಒದೆಯಿರಿ ಅಂದರೆ ನೀರೆಲ್ಲ ನೊರೆ, ಬೋರ್ಡ್ ಮಾತ್ರ ಇದ್ದಲ್ಲೇ.

ನಾನು ನೀರಿಗೆ ಇಳಿದು ಅವರ ಹಿಂದೆ ನಿಂತೆ. ಕಾಲು ಮಡಚಿದಾಗ ನನಗೆ ಕಾಣಬೇಕಾದದ್ದು ಎರಡು ಅಂಗಾಲು. ಕಂಡದ್ದು ಕಾಲ್ಬೆರಳುಗಳ ತುದಿ. ಪಾದ ನನ್ನ ಕಡೆಗೆ ಚೂಪಾಗಿ ಚಾಚಿಕೊಂಡಿತ್ತು, ಫ್ರೀಸ್ಟೈಲ್ ಒದೆಯುವವರ ಹಾಗೆ. ಚೂಪಾದ ಪಾದ ನೀರನ್ನು ಹಿಡಿಯುವುದಿಲ್ಲ, ಸೀಳಿಕೊಂಡು ಹೋಗುತ್ತದೆ. ಹಿಂದಕ್ಕೆ ತಳ್ಳುವಾಗ ಏನೂ ಸಿಗಲಿಲ್ಲ. ಕಾಲು ಮಡಚುವಾಗ ಮಾತ್ರ ತೊಡೆ ನೀರನ್ನು ಮುಂದಕ್ಕೆ ನೂಕಿತು. ಲೆಕ್ಕ ಹಾಕಿದರೆ ಹಿಂದಕ್ಕೆ ಹೋಗುವುದೇ ಸರಿ!

ಅವರನ್ನು ದಡದ ಅಂಚಿನಲ್ಲಿ ಕೂರಿಸಿದೆ. ಬಲಗಾಲನ್ನು ಕೈಯಲ್ಲಿ ಹಿಡಿದುಕೊಂಡೆ. "ಹೆಬ್ಬೆರಳನ್ನು ಮಂಡಿ ಕಡೆಗೆ ಎಳೀರಿ ಸರ್" ಅಂದೆ. ಎಳೆದರು, ಮೀನಖಂಡ ಬಿಗಿಯಾಯಿತು. "ಈಗ ಪಾದವನ್ನು ಹೊರಗೆ ತಿರುಗಿಸಿ." ತಿರುಗಿತು, ಜೊತೆಗೆ ಮಂಡಿಯೂ ಹೊರಗೆ ಹೋಯಿತು. ಮಂಡಿಯನ್ನು ಇನ್ನೊಂದು ಕೈಯಲ್ಲಿ ಮೆಲ್ಲಗೆ ತಡೆದೆ. ಪಾದದ ಒಳಬದಿಗೆ, ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದವರೆಗೆ, ನನ್ನ ಅಂಗೈ ಒತ್ತಿದೆ. "ಇಲ್ಲಿ ನನ್ನನ್ನು ತಳ್ಳಿ." ತಳ್ಳಿದರು. ನಾಲ್ಕನೇ ಸಲಕ್ಕೆ ಅವರೇ ಹೇಳಿದರು, "ಓ, ಇಲ್ಲಿ ನೀರು ಸಿಗಬೇಕಾ ಸರ್?" ಹೌದು, ಅಲ್ಲೇ. ಪಾದದ ಒಳಬದಿ, ಅಂಗಾಲು, ಜೊತೆಗೆ ಮಂಡಿಯ ಕೆಳಗಿನ ಕಾಲಿನ ಒಳಭಾಗ. ಇವಿಷ್ಟೇ ನಿಮ್ಮ ಹುಟ್ಟು. ದೋಣಿಯ ಹುಟ್ಟನ್ನು ಅಂಚಿನ ಕಡೆಯಿಂದ ಎಳೆದರೆ ದೋಣಿ ಹೋಗುತ್ತದೆಯೇ?

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬರಿಗಾಲಲ್ಲಿ ಗೋಡೆಯ ಎದುರು ನಿಲ್ಲಿ. ಹೆಬ್ಬೆರಳಿಗೂ ಗೋಡೆಗೂ ನಡುವೆ ಒಂದು ಅಂಗೈ ಅಗಲ ಬಿಡಿ. ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ. ತಾಗದಿದ್ದರೆ ಪಾದದ ಕೀಲು ಬಿಗಿಯಾಗಿದೆ. ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡಿ ಅಭ್ಯಾಸ ಇರುವವರಿಗೆ ಇದು ಸಲೀಸು. ಹಿಮ್ಮಡಿ ನೆಲಕ್ಕೆ ಊರಿ ಐದು ನಿಮಿಷ ಕೂರಬಲ್ಲವರ ಕಿಕ್ ಬೇಗ ಕೂರುತ್ತದೆ, ಇದನ್ನು ಎಷ್ಟೋ ಜನರಲ್ಲಿ ನೋಡಿದ್ದೇನೆ. ದಿನವೆಲ್ಲ ಕುರ್ಚಿಯಲ್ಲಿ ಕೂರುವವರಿಗೆ ಕೆಲವು ವಾರ ಬೇಕು. ದಿನಾ ಎರಡು ಹೊತ್ತು, ಗೋಡೆಯ ಹತ್ತಿರ ಇದೇ ಚಲನೆಯನ್ನು ಹದಿನೈದು ಸಲ ಮಾಡಲಿ. ವಜ್ರಾಸನ ಮಾಡಿದರೆ ಸಾಕಲ್ವಾ ಎಂದು ಕೇಳುತ್ತಾರೆ. ವಜ್ರಾಸನ ಪಾದವನ್ನು ಚೂಪಾಗಿಸುವ ಕಡೆಗೆ ಬಗ್ಗಿಸುತ್ತದೆ. ಫ್ರೀಸ್ಟೈಲ್‌ಗೆ ಒಳ್ಳೆಯದು, ಇಲ್ಲಿ ನಮಗೆ ಬೇಕಾದದ್ದು ಅದರ ಉಲ್ಟಾ.

ನೀರಿನಲ್ಲಿ ಕ್ರಮ ಹೀಗೆ. ಹಿಮ್ಮಡಿಗಳನ್ನು ನಿಧಾನವಾಗಿ ಸೀಟಿನ ಕಡೆಗೆ ತನ್ನಿ. ಕೊನೆಯಲ್ಲಿ ಬೆರಳು ಮೇಲಕ್ಕೆ ಎಳೆದು ಪಾದ ಹೊರಗೆ ತಿರುಗಿಸಿ. ಗಡಿಯಾರ ಹತ್ತು ಗಂಟೆ ಹತ್ತು ನಿಮಿಷ ತೋರಿಸುವಾಗ ಮುಳ್ಳು ಹೇಗಿರುತ್ತವೋ ಹಾಗೆ. ಆಮೇಲೆ ಹೊರಗೆ, ಹಿಂದಕ್ಕೆ, ಒಳಕ್ಕೆ ಒಂದೇ ಬೀಸಿನಲ್ಲಿ ಒದೆಯಿರಿ. ಕಾಲು ಜೋಡಿಸಿ, ಈಗ ಪಾದ ಚೂಪು ಮಾಡಿ. ಮಡಚುವಾಗ ನಿಧಾನ, ಒದೆಯುವಾಗ ಜೋರು. ಇದನ್ನು ಉಲ್ಟಾ ಮಾಡುವವರೇ ಜಾಸ್ತಿ, ಸರಕ್ಕನೆ ಮಡಚಿ ಮೆಲ್ಲಗೆ ಬಿಡುತ್ತಾರೆ. ವೇಗ ಎರಡರಷ್ಟಾದರೆ ನೀರಿನ ತಡೆ ಸುಮಾರು ನಾಲ್ಕರಷ್ಟಾಗುತ್ತದೆ. ಹಾಗಾಗಿ ಸರಕ್ಕನೆ ಮಡಚಿದಷ್ಟೂ ಬ್ರೇಕ್ ಬಿಗಿ.

ಮಂಡಿ ತುಂಬಾ ಅಗಲ, ಅಥವಾ ಹೊಟ್ಟೆಯಡಿಗೆ

ನಾವು ಚಿಕ್ಕಂದಿನಿಂದ ಚಕ್ಕಳಮಕ್ಕಳ ಹಾಕಿ ಕೂತವರು. ಸೊಂಟದ ಕೀಲು ಹೊರಕ್ಕೆ ತಿರುಗುವುದು ನಮಗೆ ಸಲೀಸು. ಕಪ್ಪೆ ಈಜು ಅಂದ ಕೂಡಲೇ ಕಾಲು ತಾನಾಗಿ ಹಾಗೇ ಮಡಚಿಕೊಳ್ಳುತ್ತದೆ, ಮಂಡಿ ಅಗಲ, ಹಿಮ್ಮಡಿ ಒಂದಕ್ಕೊಂದು ಅಂಟಿ. ಬೇಕಾದದ್ದು ಇದರ ವಿರುದ್ಧ. ಮಂಡಿ ಸೊಂಟದ ಅಗಲಕ್ಕಿಂತ ಸ್ವಲ್ಪ ಜಾಸ್ತಿ, ಪಾದ ಮಂಡಿಗಿಂತ ಹೊರಗೆ. ಅಂದರೆ ಸೊಂಟದ ಕೀಲು ಒಳಕ್ಕೆ ತಿರುಗಬೇಕು. ಮೊದಲ ವಾರ ಇದು ಬಹಳ ವಿಚಿತ್ರ ಅನಿಸುತ್ತದೆ, ಅನಿಸಲಿ.

ಹಿಂದೆ ಎಲ್ಲರೂ ಆ ಅಗಲದ ಒದೆತವನ್ನೇ ಕಲಿಸುತ್ತಿದ್ದರು. ಕಾಲನ್ನು ಅಗಲಿಸಿ ಚಾಚಿ, ಆಮೇಲೆ ಕತ್ತರಿ ಮುಚ್ಚಿದ ಹಾಗೆ ಜೋಡಿಸುವುದು. 1960ರ ದಶಕದ ಆರಂಭದಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕೋಚ್ ಜೇಮ್ಸ್ ಕೌನ್ಸಿಲ್‌ಮನ್ ಮತ್ತು ಅವರ ಶಿಷ್ಯ ಚೆಟ್ ಜಸ್ಟ್ರೆಮ್‌ಸ್ಕಿ ಮಂಡಿಯನ್ನು ಹತ್ತಿರ ಇಟ್ಟು ಚಾಟಿಯ ಹಾಗೆ ಬೀಸುವ ಒದೆತವನ್ನು ತಂದರು. 1961ರಲ್ಲಿ ಜಸ್ಟ್ರೆಮ್‌ಸ್ಕಿ ಮತ್ತೆ ಮತ್ತೆ ವಿಶ್ವದಾಖಲೆ ಮುರಿದ ಮೇಲೆ ಹಳೆಯ ರೀತಿ ಹಿಂದೆ ಸರಿಯಿತು. ನೀವು ದೊಡ್ಡವರಿಂದ ಅಗಲದ ಒದೆತ ಕಲಿತಿದ್ದರೆ ಅದು ಅವರ ತಪ್ಪಲ್ಲ. ಅವರ ಕಾಲಕ್ಕೆ ಅದೇ ಸರಿಯಾಗಿತ್ತು.

ಇನ್ನು ಹೊಟ್ಟೆಯಡಿಗೆ ಮಂಡಿ ತರುವುದು. ತೊಡೆ ನೀರಿಗೆ ಅಡ್ಡವಾಗಿ ಹಲಗೆಯ ಹಾಗೆ ನಿಲ್ಲುತ್ತದೆ. ಅಷ್ಟು ದೊಡ್ಡ ಬ್ರೇಕ್ ದೇಹದಲ್ಲಿ ಬೇರೆ ಇಲ್ಲ. ಪತ್ತೆ ಮಾಡುವುದು ಸುಲಭ. ಬೆನ್ನ ಮೇಲೆ ಮಲಗಿ, ಕಿಕ್‌ಬೋರ್ಡನ್ನು ಎರಡೂ ಕೈಯಲ್ಲಿ ತೊಡೆಯ ಮೇಲೆ ಹಿಡಿದುಕೊಂಡು ಇದೇ ಒದೆತ ಮಾಡಿ. ಮಂಡಿ ಬೋರ್ಡಿಗೆ ಬಡಿದರೆ ಅಥವಾ ನೀರಿನಿಂದ ಮೇಲೆ ಬಂದರೆ ಸಿಕ್ಕಿಬಿತ್ತು. ಮಂಡಿಯನ್ನು ಮೇಲೆ ತರಬೇಡಿ, ಹಿಮ್ಮಡಿಯನ್ನು ಹಿಂದಕ್ಕೆ ತನ್ನಿ. ಮುಖ ಮೇಲಿರುವುದರಿಂದ ಉಸಿರಿನ ಗಡಿಬಿಡಿ ಇಲ್ಲ, ಕಾಲಿನ ಮೇಲೆ ಪೂರ್ತಿ ಗಮನ ಇಡಬಹುದು. ಕಾಲಿನ ಯಾವ ದೋಷಕ್ಕೂ ನಾನು ಮೊದಲು ಕೊಡುವ ಅಭ್ಯಾಸ ಇದೇ.

ಒಂದು ಕಾಲು ಸರಿ, ಇನ್ನೊಂದು ಕತ್ತರಿ

ಒಂದು ಪಾದ ಹೊರಗೆ ತಿರುಗುತ್ತದೆ, ಇನ್ನೊಂದು ಚೂಪಾಗಿಯೇ ಉಳಿದು ಮೇಲಿಂದ ಕೆಳಕ್ಕೆ ಒದೆಯುತ್ತದೆ. ಇದೇ ಕತ್ತರಿ ಒದೆತ. ಸ್ಪರ್ಧೆಯಲ್ಲಿ ಇದಕ್ಕೆ ಅನರ್ಹತೆ ಗ್ಯಾರಂಟಿ. ಒದೆಯುವಾಗ ಎರಡೂ ಪಾದ ಹೊರಗೆ ತಿರುಗಿರಲೇಬೇಕು ಎಂಬುದು ನಿಯಮ. ಸ್ಪರ್ಧೆಗೆ ಹೋಗದವರಿಗೂ ಇದರಿಂದ ನಷ್ಟ ಇದೆ, ಮೈ ಒಂದು ಕಡೆಗೆ ತಿರುಗುತ್ತಾ ಹೋಗುತ್ತದೆ. ಪೂಲಿನ ತಳದ ಕಪ್ಪು ಗೆರೆಯ ಮೇಲೆ ಕಣ್ಣಿಟ್ಟು ಈಜಿ. ಯಾವಾಗಲೂ ಒಂದೇ ಕಡೆಗೆ ಸರಿಯುತ್ತಿದ್ದರೆ ಕತ್ತರಿ ಇದೆ ಎಂದು ಅನುಮಾನಿಸಿ.

ಕಾರಣ ಮೂರು ಕಡೆ ಹುಡುಕಬೇಕು. ಒಂದು ಪಾದದ ಕೀಲು ಇನ್ನೊಂದಕ್ಕಿಂತ ಬಿಗಿ ಇರಬಹುದು, ಹಳೆಯ ಉಳುಕು ಇದ್ದವರಲ್ಲಿ ಇದು ಸಾಮಾನ್ಯ. ಉಸಿರಿಗೆ ತಲೆ ಎತ್ತುವಾಗ ಪಕ್ಕಕ್ಕೆ ತಿರುಗುವ ಅಭ್ಯಾಸ ಇರಬಹುದು. ತಲೆ ತಿರುಗಿದರೆ ಭುಜ ಓರೆ, ಭುಜ ಓರೆಯಾದರೆ ಸೊಂಟ ಓರೆ. ಮೂರನೆಯದು ಬಾವಿಯ ಈಜು. ಬಾವಿಯಲ್ಲಿ ಮೆಟ್ಟಿಲು ನೋಡಬೇಕು, ಮೇಲಿಂದ ಯಾರಾದರೂ ಧುಮುಕುತ್ತಾರಾ ನೋಡಬೇಕು. ಹಾಗಾಗಿ ಅರ್ಧ ಪಕ್ಕಕ್ಕೆ ವಾಲಿ, ತಲೆ ಮೇಲಿಟ್ಟು ಈಜುತ್ತಾರೆ. ಆ ಭಂಗಿಗೆ ಕತ್ತರಿ ಒದೆತವೇ ಒಗ್ಗುವುದು. ಬ್ಯಾಂಕಿನವರಿಗೆ ಇದ್ದದ್ದು ಇದೇ. ಮದ್ದು, ಗೋಡೆ ಹಿಡಿದು ಮುಖ ನೀರಲ್ಲಿಟ್ಟು, ಕೆಟ್ಟ ಕಾಲಿನಿಂದ ಮಾತ್ರ ಒದೆಯುವುದು. ಹತ್ತು ಸಲ ಆ ಕಾಲು, ಆಮೇಲೆ ಎರಡೂ ಕಾಲು.

ಸೊಂಟ ಮುಳುಗುತ್ತೆ, ಕತ್ತು ನೋಯುತ್ತೆ

ಇವೆರಡು ದೂರು ಬೇರೆ ಬೇರೆ ಅನಿಸಿದರೂ ಬೇರು ಒಂದೇ, ತಲೆ ನೀರಿಗೆ ಇಳಿಯುತ್ತಿಲ್ಲ. ದೊಡ್ಡವರ ತಲೆ ನಾಲ್ಕೂವರೆ, ಐದು ಕಿಲೋ ತೂಗುತ್ತದೆ. ಅದನ್ನು ನೀರಿನಿಂದ ಹೊರಗೆ ಹಿಡಿದಷ್ಟು ಹೊತ್ತೂ ಸೊಂಟ, ಕಾಲು ಕೆಳಗೆ. ತಕ್ಕಡಿಯ ಹಾಗೆ. ಮೈ ಓರೆಯಾದರೆ ಎದೆ, ಹೊಟ್ಟೆ, ತೊಡೆ ಎಲ್ಲವೂ ನೀರಿಗೆ ಎದುರಾಗುತ್ತವೆ.

ತಲೆ ಮೇಲಿಟ್ಟೇ ಈಜಬೇಕು ಎಂಬ ನಂಬಿಕೆ ಸುಮ್ನೆ ಬಂದದ್ದಲ್ಲ. 1950ರ ದಶಕದ ಕೊನೆಯಿಂದ 1987ರವರೆಗೆ ಸ್ಪರ್ಧೆಯ ನಿಯಮವೇ ಹಾಗಿತ್ತು, ಈಜುವಾಗ ತಲೆ ಪೂರ್ತಿ ಮುಳುಗುವ ಹಾಗಿರಲಿಲ್ಲ. ಆಮೇಲೆ ನಿಯಮ ಬದಲಾಯಿತು. ಈಗ ಪ್ರತಿ ಸುತ್ತಿನಲ್ಲಿ ಒಮ್ಮೆ ತಲೆ ಮೇಲೆ ಬಂದರೆ ಸಾಕು.

ಸರಿಪಡಿಸಲು, ಕೈ ಚಾಚಿ ಜಾರುವಾಗ ನೇರ ತಳ ನೋಡಿ, ಎದುರಿನ ಗೋಡೆ ನೋಡಬೇಡಿ. ಉಸಿರಿಗೆ ಮೇಲೆ ಬಂದಾಗಲೂ ಆಕಾಶ ನೋಡಬೇಡಿ. ಗಲ್ಲ (ಗದ್ದ) ನೀರಿಗೆ ತಾಗಿದಂತೆ ಇದ್ದರೆ ಬಾಯಿ ಮೇಲಿರುತ್ತದೆ, ಅಷ್ಟು ಸಾಕು. ಗಲ್ಲಕ್ಕೂ ಎದೆಗೂ ನಡುವೆ ಒಂದು ಕಿತ್ತಳೆ ಹಣ್ಣು ಹಿಡಿದುಕೊಂಡಿದ್ದೀರಿ, ಅದು ಬೀಳಬಾರದು ಎಂದುಕೊಳ್ಳಿ. ಕತ್ತು ನೋವು ಇಷ್ಟಕ್ಕೇ ಹೋದವರನ್ನು ನೋಡಿದ್ದೇನೆ.

ತಲೆ ಇಳಿಸಲು ಹಿಂಜರಿಯುವವರಲ್ಲಿ ಎಷ್ಟೋ ಜನಕ್ಕೆ ಭಯ ಇರುವುದು ಕಣ್ಣಿಗೆ ಮತ್ತು ಮೂಗಿಗೆ. ಚೆನ್ನಾಗಿ ಕೂರುವ ಒಂದು ಗಾಗಲ್ಸ್ ಕೊಟ್ಟರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಒತ್ತಾಯ ಮಾಡಬೇಡಿ.

ಹತ್ತು ಮೀಟರಿಗೇ ಏದುಸಿರು

ಬರೀ ಕಾಲಿನಲ್ಲಿ ಚೆನ್ನಾಗಿ ಹೋಗುತ್ತಾರೆ, ಮೈ ನೆಟ್ಟಗಿದೆ, ಆದರೂ ಸುಸ್ತು. ಹಾಗಿದ್ದರೆ ನೀರೊಳಗೆ ಗುಳ್ಳೆ ಬರುತ್ತಿದೆಯೇ ನೋಡಿ. ಗುಳ್ಳೆ ಇಲ್ಲ ಅಂದರೆ ಉಸಿರು ಕಟ್ಟಿ ಹಿಡಿದಿದ್ದಾರೆ. ಮೇಲೆ ಬಂದ ಅರೆಕ್ಷಣದಲ್ಲಿ ಹಳೆಯ ಗಾಳಿ ಬಿಟ್ಟು ಹೊಸದನ್ನು ಎಳೆದುಕೊಳ್ಳಬೇಕು, ಆಗುವ ಮಾತಲ್ಲ. ನಾಲ್ಕು ಸುತ್ತಿನಲ್ಲಿ ಎದೆಯೊಳಗೆ ಹಳೆಯ ಗಾಳಿ ಸೇರಿಕೊಂಡು ಉಸಿರು ಕಟ್ಟಿದ ಹಾಗಾಗುತ್ತದೆ. ಗಾಳಿ ಕಡಿಮೆ ಆಯಿತು ಎಂದು ಇನ್ನೂ ದೊಡ್ಡ ಉಸಿರು ಎಳೆಯಲು ತಲೆ ಇನ್ನೂ ಮೇಲೆ. ಸೊಂಟ ಮತ್ತೆ ಕೆಳಗೆ.

ಎದೆಮಟ್ಟದ ನೀರಲ್ಲಿ ನಿಂತು ಅಭ್ಯಾಸ ಮಾಡಿ. ಮುಖ ಮುಳುಗಿಸಿ ಮೂಗು, ಬಾಯಿಂದ ಮೆಲ್ಲಗೆ ಗುಳ್ಳೆ ಬಿಡುತ್ತಾ ಇರಿ. ಮೇಲೆ ಬರುವ ಮುಂಚೆ ಕೊನೆಯದನ್ನು ಉಫ್ ಎಂದು ಊದಿ. ಬಾಯಿ ಮೇಲೆ ಬಂದಾಗ ಗಾಳಿ ತಾನಾಗಿ ಒಳಗೆ ಬರುತ್ತದೆ. ದಿನಕ್ಕೆ ಇಪ್ಪತ್ತು ಸಲ. ಆದರೆ ನೀರೊಳಗೆ ಎಷ್ಟು ಹೊತ್ತು ಉಸಿರು ಹಿಡಿಯುತ್ತೇನೆ ನೋಡೋಣ ಎಂಬ ಪಂದ್ಯ ಮಾತ್ರ ಬೇಡವೇ ಬೇಡ. ಜೋರಾಗಿ ಹಲವು ಸಲ ಉಸಿರಾಡಿ ಮುಳುಗಿದವರು ನೀರೊಳಗೇ ಎಚ್ಚರ ತಪ್ಪಬಹುದು. ಚೆನ್ನಾಗಿ ಈಜು ಬಂದವರೂ ಹಾಗೆ ಜೀವ ಕಳೆದುಕೊಂಡಿದ್ದಾರೆ.

ಕೈ ಸೊಂಟದವರೆಗೆ ಹೋಗುತ್ತೆ

ಕೈ ಜಾಸ್ತಿ ಎಳೆದರೆ ಜಾಸ್ತಿ ದೂರ ಹೋಗುತ್ತೇವೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸೊಂಟದವರೆಗೆ ಎಳೆದ ಕೈ ಅಷ್ಟೂ ದೂರ ನೀರೊಳಗೇ ವಾಪಸ್ ಬರಬೇಕು. ಅದು ಬರುವಷ್ಟರಲ್ಲಿ ತಲೆಗೆ ಆಧಾರ ತಪ್ಪಿ ಬಾಯಿಗೆ ನೀರು ನುಗ್ಗುತ್ತದೆ. "ಉಸಿರು ತಗೊಳ್ಳೋಕೆ ಹೋದ್ರೆ ನೀರು ಕುಡೀತೀನಿ" ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಅವರ ಕೈಯನ್ನೇ.

ಎಳೆತ ಚಿಕ್ಕದು. ಕೈಗಳನ್ನು ಭುಜಕ್ಕಿಂತ ಸ್ವಲ್ಪ ಅಗಲಕ್ಕೆ ಒಯ್ದು, ಮೊಣಕೈ ಮೇಲೇ ಇಟ್ಟು, ಮುಂಗೈಯಿಂದ ಒಳಕ್ಕೆ ಬಾಚಿ, ಗಲ್ಲದ ಕೆಳಗೆ ಜೋಡಿಸಿ, ತಡಮಾಡದೆ ಮುಂದಕ್ಕೆ ಚಾಚಿ. ದೊಡ್ಡ ಬೋಗುಣಿಯ ಅಂಚಿಗೆ ಮೆತ್ತಿದ ದೋಸೆ ಹಿಟ್ಟನ್ನು ಎರಡೂ ಕೈಯಿಂದ ಬಾಚಿ ನಡುವಿಗೆ ತಂದ ಹಾಗೆ. ನಮ್ಮ ಬ್ಯಾಚಿನ ಒಬ್ಬ ಅಮ್ಮನಿಗೆ ಎರಡು ವಾರ ಬಾರದ್ದು ಈ ಒಂದು ಮಾತಿಗೆ ಬಂತು. ಪರೀಕ್ಷೆ ಏನೆಂದರೆ, ಈಜುವಾಗ ನಿಮ್ಮ ಕೈ ಯಾವ ಹೊತ್ತಿನಲ್ಲೂ ಕಣ್ಣಿಗೆ ಮರೆಯಾಗಬಾರದು. ಮರೆಯಾದರೆ ಹಿಂದೆ ಹೋಗಿದೆ.

ಕೈಕಾಲು ಒಟ್ಟಿಗೇ ಆಡುತ್ತೆ

ಎಲ್ಲ ಬಿಡಿ ಭಾಗ ಸರಿ ಇದ್ದೂ ಈಜು ಕೆಡುವುದು ಇಲ್ಲೇ. ಕೈ ಎಳೆಯುವಾಗಲೇ ಕಾಲು ಒದೆಯುತ್ತದೆ. ಆಮೇಲೆ ಎರಡೂ ಒಟ್ಟಿಗೆ ಮಡಚಿ ವಾಪಸ್ ಬರುತ್ತವೆ. ಒಂದು ಜಿಗಿತ, ಒಂದು ನಿಲುಗಡೆ, ಮತ್ತೆ ಜಿಗಿತ. ಪಕ್ಕದಿಂದ ನೋಡಿದರೆ ನೀರಲ್ಲಿ ಕುಣಿದ ಹಾಗೆ ಕಾಣುತ್ತದೆ.

ನಿಯಮ ಸರಳ. ಕಾಲು ಒದೆಯುವಾಗ ಕೈ ನೆಟ್ಟಗೆ ಮುಂದೆ ಇರಬೇಕು. ಕೈ ಎಳೆಯಲು ಶುರು ಮಾಡಿದಾಗ ಕಾಲು ನೆಟ್ಟಗೆ ಹಿಂದೆ ಇರಬೇಕು. ನಾನು ಬಾಯಲ್ಲಿ ಹೇಳಿಸುತ್ತೇನೆ: "ಎಳೆ, ಉಸಿರು, ಒದೆ, ಜಾರು." ಜಾರು ಎಂಬುದನ್ನು ಉದ್ದಕ್ಕೆ ಎಳೆದು ಹೇಳಬೇಕು, ಮನಸ್ಸಿನಲ್ಲಿ ಒಂದು ಎರಡು ಎಣಿಸುವಷ್ಟು. ಒದೆತದಿಂದ ಹುಟ್ಟಿದ ವೇಗವನ್ನು ಉಣ್ಣುವುದು ಆ ಎರಡು ಎಣಿಕೆಯಲ್ಲೇ. ಹೊಸಬರಿಗೆ ಸುಮ್ಮನಿರುವುದೇ ಕಷ್ಟ. ಏನೂ ಮಾಡದಿದ್ದರೆ ಮುಳುಗುತ್ತೇನೆ ಎಂದು ಮನಸ್ಸು ಹೇಳುತ್ತದೆ. ಅದಕ್ಕೆ ಒಂದು ಎಳೆತಕ್ಕೆ ಎರಡು ಒದೆತ ಮಾಡಿಸುತ್ತೇನೆ. ಎರಡನೇ ಒದೆತದಲ್ಲಿ ಕೈ ಚಾಚಿಕೊಂಡೇ ಇರಬೇಕು, ಆಗ ಹೊಂದಾಣಿಕೆ ತಾನಾಗಿ ಬಿಡಿಸಿಕೊಳ್ಳುತ್ತದೆ.

ಜಾರುವುದರ ಬಲ ಎಷ್ಟು ಎಂಬುದಕ್ಕೆ 1956ರ ಮೆಲ್ಬರ್ನ್ ಒಲಿಂಪಿಕ್ಸ್ ನೋಡಿ. ಜಪಾನಿನ ಮಸಾರು ಫುರುಕಾವಾ 200 ಮೀಟರಿನ ಬಹುಪಾಲನ್ನು ನೀರಿನ ಅಡಿಯಲ್ಲೇ ಈಜಿ ಚಿನ್ನ ಗೆದ್ದರು. ನೀರಿನ ಮೇಲ್ಮೈಯಲ್ಲಿ ಅಲೆ ಎಬ್ಬಿಸಲು ಖರ್ಚಾಗುವ ಶಕ್ತಿ ಅಡಿಯಲ್ಲಿ ಉಳಿಯುತ್ತದೆ. ಅದಾದ ಮೇಲೆ ನಿಯಮ ಬಿಗಿ ಮಾಡಿ, ಶುರುವಿನಲ್ಲಿ ಮತ್ತು ಪ್ರತಿ ತಿರುವಿನ ನಂತರ ಒಂದು ಸ್ಟ್ರೋಕ್‌ನಷ್ಟು ಮಾತ್ರ ಅಡಿಯಲ್ಲಿರಲು ಬಿಟ್ಟರು.

ವೀಡಿಯೊ ನೋಡಿ ಕಲಿಯುವವರಿಗೆ ಒಂದು ಮಾತು. ಬೆಂಗಳೂರಿನಲ್ಲಿ ತರಬೇತಿ ಪಡೆದ ಸಂದೀಪ್ ಸೇಜ್ವಾಲ್ 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ 50 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ಗೆ ಕಂಚು ತಂದರು. ಅಂಥ 50 ಮೀಟರ್ ರೇಸ್‌ಗಳನ್ನು ಖುಷಿಗೆ ನೋಡಿ, ಅನುಕರಿಸಬೇಡಿ. ಅಲ್ಲಿ ಜಾರುವ ಹೊತ್ತೇ ಕಾಣುವುದಿಲ್ಲ, ಒಂದು ಸ್ಟ್ರೋಕ್ ಮುಗಿಯುವ ಮೊದಲೇ ಇನ್ನೊಂದು. ಕಲಿಯುವುದಕ್ಕೆ 200 ಮೀಟರ್ ರೇಸ್ ನೋಡಿ, ಅದರಲ್ಲೂ ಮೊದಲ 50 ಮೀಟರ್. ಎಷ್ಟು ಹೊತ್ತು ಸುಮ್ಮನೆ ಚಾಚಿಕೊಂಡಿರುತ್ತಾರೆ ಎಂದು ಎಣಿಸಿ.

ಮಂಡಿಯ ಒಳಬದಿ ನೋಯುತ್ತೆ

ಇದನ್ನು ಹಗುರವಾಗಿ ನೋಡಬೇಡಿ. ಚಾಟಿ ಒದೆತದಲ್ಲಿ ಮಂಡಿ ಬಗ್ಗಿಕೊಂಡೇ ತಿರುಚಿಕೊಳ್ಳುತ್ತದೆ. ಒಳಬದಿಯ ಲಿಗಮೆಂಟ್ (ಮೂಳೆಗಳನ್ನು ಜೋಡಿಸಿ ಹಿಡಿಯುವ ಪಟ್ಟಿ) ಮೇಲೆ ಎಳೆತ ಬೀಳುತ್ತದೆ. ಮಂಡಿಯನ್ನು ತೀರಾ ಅಗಲಿಸಿದರೂ ತೊಂದರೆ, ತೀರಾ ಅಂಟಿಸಿದರೂ ತೊಂದರೆ. ಸೊಂಟದ ಕೀಲು ಒಳಕ್ಕೆ ತಿರುಗದಿದ್ದರೆ ಆ ತಿರುಚನ್ನೆಲ್ಲ ಪಾಪ ಮಂಡಿಯೇ ಹೊರಬೇಕು. ಕಾಲೇಜಿನಲ್ಲಿದ್ದಾಗ ನಾನು ದಿನಾ ಒಂದು ಗಂಟೆ ಬೋರ್ಡ್ ಹಿಡಿದು ಬರೀ ಒದೆತ ಮಾಡಿ ಮೂರು ವಾರ ನೀರಿನಿಂದ ಹೊರಗೆ ಕೂತೆ. ಆ ನೋವು ಇನ್ನೂ ನೆನಪಿದೆ. ಮೆಟ್ಟಿಲು ಇಳಿಯುವಾಗ ಒಳಗೆ ಚುಚ್ಚಿದ ಹಾಗೆ.

ಹಾಗಾಗಿ ನನ್ನ ಬ್ಯಾಚಿನಲ್ಲಿ ಒದೆತದ ಅಭ್ಯಾಸ ಒಂದು ಸಲಕ್ಕೆ ನಾಲ್ಕು ಉದ್ದ, ಆಮೇಲೆ ಬೇರೆ ಏನಾದರೂ. ನೀರಿಗೆ ಇಳಿಯುವ ಮೊದಲು ಐದು ನಿಮಿಷ ಮೈ ಬಿಸಿ ಮಾಡಿಕೊಳ್ಳಬೇಕು. ನೋವು ಶುರುವಾದರೆ ಅವತ್ತಿಗೆ ಬ್ರೆಸ್ಟ್‌ಸ್ಟ್ರೋಕ್ ಮುಗಿಯಿತು. ಕೆಲವು ದಿನ ಫ್ರೀಸ್ಟೈಲ್ ಅಥವಾ ಬೆನ್ನ ಈಜು ಮಾಡಿ. ಊತ ಬಂದರೆ, ಮಂಡಿ ಸಿಕ್ಕಿಹಾಕಿಕೊಂಡ ಹಾಗಾದರೆ, ನೆಲದ ಮೇಲೆ ನಡೆಯುವಾಗಲೂ ನೋವಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ. ಮಂಡಿ ಸವೆದಿದೆ ಎಂದು ಮೊದಲೇ ಗೊತ್ತಿರುವವರು ಡಾಕ್ಟರನ್ನು ಕೇಳದೆ ಈ ಒದೆತ ಕಲಿಯಬಾರದು. ಈಜು ಮಂಡಿಗೆ ಒಳ್ಳೆಯದು ಎಂಬ ಮಾತು ಎಲ್ಲ ಈಜಿಗೂ ಅನ್ವಯಿಸುವುದಿಲ್ಲ.

ಒಂದು ಸಲಕ್ಕೆ ಒಂದೇ ದೋಷ ಹಿಡಿಯಿರಿ. ಪಾದ, ತಲೆ, ಕೈ ಮೂರನ್ನೂ ಒಟ್ಟಿಗೆ ನೆನಪಿಟ್ಟುಕೊಂಡು ಈಜಲು ಯಾರಿಂದಲೂ ಆಗುವುದಿಲ್ಲ. ಒಂದು ವಾರ ಪಾದ ಮಾತ್ರ. ಆ ವಾರ ಕೈ ಹೇಗಾದರೂ ಇರಲಿ, ಬಿಡಿ. ವಾರದ ಕೊನೆಗೆ ಮೂರನೇ ಪರೀಕ್ಷೆಯ ಎಣಿಕೆ ಮತ್ತೆ ಮಾಡಿ ಬರೆದಿಟ್ಟುಕೊಳ್ಳಿ.

ಬ್ಯಾಂಕಿನವರ ಎಣಿಕೆ ಮೊದಲ ದಿನ 34 ಇತ್ತು. ಎರಡು ತಿಂಗಳಿಗೆ 19ಕ್ಕೆ ಬಂತು. ಬಲಗಾಲಿನ ಅಂಗಾಲು ಈಗ ಹಿಂದಿನಿಂದ ಪೂರ್ತಿ ಕಾಣುತ್ತದೆ, ನೀರೊಳಗೆ ಬೆಳ್ಳಗೆ. ಎಡಗಾಲಿನದು ಇನ್ನೂ ಅರ್ಧ ಮಾತ್ರ. ಚಿಕ್ಕಂದಿನಲ್ಲಿ ಮರದಿಂದ ಬಿದ್ದು ಆ ಪಾದ ಉಳುಕಿತ್ತು ಎಂದು ಅವರಿಗೆ ನೆನಪಾದದ್ದು ಮೊನ್ನೆ. ಈಗ ದಿನಾ ಬೆಳಿಗ್ಗೆ ಪೂಲಿಗೆ ಬರುವ ಮೊದಲು ಮನೆಯಲ್ಲಿ ಗೋಡೆಗೆ ಎಡ ಮಂಡಿ ತಾಗಿಸುತ್ತಿದ್ದಾರೆ. ಹೆಬ್ಬೆರಳಿಗೂ ಗೋಡೆಗೂ ನಡುವೆ ಮೂರು ಬೆರಳು ಅಗಲ ಬಂದಿದೆಯಂತೆ. ಇನ್ನು ಒಂದು ಬೆರಳು ಬಾಕಿ.